ಧರ್ಮಪಾಲರ ಡೌನ್‌ಪೈಪ್

ಧರ್ಮಪಾಲರ ಕಾರಿಗೆ ಯಾವ ಕಾಯಿಲೆಯೂ ಇರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಮುಂಬಯಿ ಪಕ್ಕದ ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದ ಅವರಿಗೆ ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿಸುವ ಚಟ. ಟರ್ಬೊ ಇರುವ ಡೀಸೆಲ್ ಕಾರು ಕೊಂಡ ಮೇಲೆ ಇಂಟರ್‌ನೆಟ್‌ನಲ್ಲಿ ಓದಿ ಓದಿ ಒಂದು ಸತ್ಯ ಕಂಡುಕೊಂಡಿದ್ದರು. ಎಂಜಿನ್ನಿನ ಹೊಗೆ ಟರ್ಬೊದ ಚಕ್ರವನ್ನು ತಿರುಗಿಸಿ ಹೊರಬರುವಾಗ ಮೊದಲು ಹೊಗುವ ಕೊಳವೆಗೆ ಡೌನ್‌ಪೈಪ್ ಎನ್ನುತ್ತಾರೆ. ಕಂಪನಿಯವರು ಕೊಟ್ಟದ್ದು ತೀರ ಇಕ್ಕಟ್ಟಿನದು. ಅಗಲದ್ದನ್ನು ಹಾಕಿದರೆ ಕಾರು ಸಲೀಸಾಗಿ ಉಸಿರಾಡುತ್ತದೆ, ಸದ್ದಿಗೂ ಒಂದು ಗಾಂಭೀರ್ಯ ಬರುತ್ತದೆ.

ಅಂಥದೊಂದು ಸ್ಟೀಲ್ ಪೈಪು ಕೊರಿಯರ್‌ನಲ್ಲಿ ಬಂದಾಗ ಹೆಂಡತಿ ನಳಿನಾಕ್ಷಿ ಅದನ್ನು ತಿರುಗಿಸಿ ನೋಡಿದಳು.

"ಇದೆಂತದು, ಬಚ್ಚಲಿಗಾ?"

"ಕಾರಿನ ಮೂಗು."

"ಈಗ ಇರುವ ಮೂಗಿಗೆ ಎಂತ ಆಗಿದೆ?"

"ಶೀತ," ಎಂದರು ಧರ್ಮಪಾಲ.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಇಳಿಯುವುದೆಂದು ನಿಶ್ಚಯವಾಯಿತು. ಅದೇ ಸಂಜೆ ಎದುರು ಮನೆಯ ಜಯಲತಕ್ಕನ ಮಗಳು ಅಶ್ಮಿತಾಳ ನಿಶ್ಚಿತಾರ್ಥ, ನೆರೂಳಿನ ಒಂದು ಹಾಲ್‌ನಲ್ಲಿ. ಹುಡುಗಿ ಹೋಗುವುದು ಧರ್ಮಪಾಲರ ಕಾರಿನಲ್ಲೇ ಎಂದು ಮೊದಲೇ ಮಾತಾಗಿತ್ತು. ತಿಂಡಿಯ ಹೊತ್ತಿಗೆ ಮುಗಿಯುವ ಕೆಲಸ ಎಂದು ಇಂಟರ್‌ನೆಟ್ ಹೇಳಿತ್ತು. ಆದರೆ ಇಂಟರ್‌ನೆಟ್‌ಗೆ ಅವರ ಹೌಸಿಂಗ್ ಸೊಸೈಟಿಯ ಪರಿಚಯ ಇರಲಿಲ್ಲ.

ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಚಾಪೆ ಹಾಸಿ ಅವರು ಕೆಳಗೆ ತೂರಿಕೊಂಡರು. ಕಾರಿನಡಿ ಎರಡು ಕಾಲು ಕಂಡದ್ದೇ ಪಾರ್ಕಿಂಗಿನಲ್ಲಿ ಜನ ಸೇರಿದರು. ಮುಂದಾಳಾಗಿ ಬಂದವರು ಸೊಸೈಟಿಯ ಸೆಕ್ರೆಟರಿ ಮುರಾರಿ, ನಿವೃತ್ತ ಹೋಟೆಲ್ ಮ್ಯಾನೇಜರ್.

"ಧರ್ಮಪಾಲರೇ, ಅಡಿಯಲ್ಲಿ ನೀವೇನಾ?"

"ನಾನೇ."

"ಬದುಕಿದ್ದೀರಲ್ಲ?"

"ಸದ್ಯಕ್ಕೆ."

ಬೋಲ್ಟು ಅಲುಗಲಿಲ್ಲ. ಹೋಟೆಲಿನ ಗ್ರೈಂಡರಿಗೆ ತೆಂಗಿನೆಣ್ಣೆಯೇ ಮದ್ದಾಗಿತ್ತು ಎಂದು ಮುರಾರಿ ಹೇಳಿದರು. ಜಯಲತಕ್ಕ ಮನೆಯಿಂದ ತಲೆಗೆ ಹಚ್ಚುವ ಎಣ್ಣೆಯನ್ನೇ ತಂದು ಕೊಟ್ಟರು. ಕಾರಿನ ಹೊಟ್ಟೆಯಿಂದ ಮದುಮಗಳ ಜಡೆಯ ಪರಿಮಳ ಹೊಮ್ಮಿತು.

"ಧರ್ಮಪಾಲಣ್ಣ, ಸಂಜೆ ಹೊರಡ್ಲಿಕ್ಕುಂಟು, ನೆನಪುಂಟಲ್ಲ? ಹುಡುಗಿಯನ್ನು ರಿಕ್ಷಾದಲ್ಲಿ ಕರ್ಕೊಂಡು ಹೋಗುವ ಹಾಗೆ ಮಾಡ್ಬೇಡಿ ಮಾರಾಯ್ರೆ," ಎಂದರು ಜಯಲತಕ್ಕ.

"ನಿಮ್ಮ ಮಗಳು ಸಿಂಹದ ಗರ್ಜನೆಯಲ್ಲಿ ಹೋಗ್ತಾಳೆ, ಜಯಲತಕ್ಕ."

"ಸಿಂಹ ಬೇಡ. ಎಸಿ ಸಾಕು."

ಮಧ್ಯಾಹ್ನದ ಹೊತ್ತಿಗೆ ಹಳೆಯ ಪೈಪು ಕಳಚಿ ಬಂತು. ಎಳೆದು ತೆಗೆದ ಹಲ್ಲಿನ ಹಾಗೆ ಅದನ್ನು ಎಲ್ಲರಿಗೂ ತೋರಿಸಿ, ಗೋಡೆಗೆ ಒರಗಿಸಿಟ್ಟು, ಧರ್ಮಪಾಲರು ಊಟಕ್ಕೆ ಹೋದರು. ನೋಡಲು ಇನ್ನೇನೂ ಉಳಿಯದ್ದರಿಂದ ಜನವೂ ಚದುರಿದರು.

ಊಟ ಮಾಡಿ ಬಂದು ಹೊಸ ಪೈಪನ್ನು ಹಿಡಿದು ನೋಡಿದರೆ ಬೋಲ್ಟುಗಳು ನಾಲ್ಕು, ಪೈಪಿನ ತೂತುಗಳು ಮೂರು. ಅದು ಅದೇ ಕಾರಿನ ಪೆಟ್ರೋಲ್ ಮಾದರಿಯದು. ಪೈಪಿನ ಅಗಲವನ್ನು ಅವರು ಲ್ಯಾಬಿನ ವರ್ನಿಯರ್ ತಂದು ಅಳೆದಿದ್ದರು, ತೂತುಗಳನ್ನು ಎಣಿಸಿರಲಿಲ್ಲ.

ಇರಲಿ, ಹಳೆಯದನ್ನೇ ಹಾಕಿದರಾಯಿತು ಎಂದು ಹೊಸದನ್ನು ಹೆಗಲಿಗೇರಿಸಿ ಗೋಡೆಯ ಕಡೆ ತಿರುಗಿದರು. ಅಲ್ಲಿ ಪೈಪು ಇರಲಿಲ್ಲ. ಗೋಡೆಯ ಬುಡದಲ್ಲಿ ಜಯಲತಕ್ಕ ರಂಗೋಲಿ ಹಾಕುತ್ತಿದ್ದರು.

"ಜಯಲತಕ್ಕ, ಇಲ್ಲಿ ಒಂದು ಪೈಪ್ ಇತ್ತಲ್ಲ?"

"ಆ ತುಕ್ಕು ಹಿಡಿದದ್ದಾ? ಭಂಗಾರ್‌ವಾಲಾ ಬಂದಿದ್ದ, ಕೊಟ್ಟುಬಿಟ್ಟೆ. ಶುಭಕಾರ್ಯದ ದಿನ ಗುಜರಿ ಎದುರಿಗೆ ಯಾಕೆ? ನೋಡಿ, ಅದಕ್ಕೆ ಎಷ್ಟು ಚಂದದ ಟಬ್ ಕೊಟ್ಟ."

ನೀಲಿ ಟಬ್ಬಿನ ತುಂಬ ಅಶ್ಮಿತಾಳ ಮುಡಿಗೆಂದು ತಂದ ಮಲ್ಲಿಗೆ ಇತ್ತು. ಕಾರು ಅಲುಗುವುದಿಲ್ಲ ಎಂದು ಈಗ ಹೇಳಿದರೆ ಜಯಲತಕ್ಕ ರಂಗೋಲಿಯ ಮೇಲೆಯೇ ಬಿದ್ದುಬಿಡುತ್ತಾರೆ ಎನ್ನಿಸಿತು.

"ಒಳ್ಳೆ ಟಬ್," ಎಂದವರೇ ಧರ್ಮಪಾಲರು ಗೇಟಿನ ಹೊರಗೆ ಓಡಿದರು.

ಹೊಸ ಪೈಪು ಹೆಗಲ ಮೇಲೆಯೇ ಉಳಿದಿದೆ ಎಂದು ಗೊತ್ತಾದದ್ದು ದಾರಿಯಲ್ಲಿ ಜನ ಸರಿದು ಜಾಗ ಬಿಟ್ಟಾಗ. ಗದೆ ಹೊತ್ತ ಭೀಮ ಬನಿಯನ್ನಿನಲ್ಲಿ ಬಂದಂತಿತ್ತು. ಕಲ್ಯಾಣ್ ರಸ್ತೆಯ ತಿರುವಿನಲ್ಲಿ ಗುಜರಿಯವನ ಕೈಗಾಡಿ ಸಿಕ್ಕಿತು. ಹಳೆಯ ಪೈಪು ಒಂದು ಮುರಿದ ಕೂಲರಿನ ಮೇಲೆ ಮಲಗಿತ್ತು.

"ಭಯ್ಯಾ, ವೋ ಮೇರಾ ಹೈ. ವಾಪಸ್ ದೇದೋ."

"ಟಬ್ ಲಾವೋ, ಪೈಪ್ ಲೇ ಜಾವೋ," ಎಂದ ಭಂಗಾರ್‌ವಾಲಾ.

"ಟಬ್ಬಿನಲ್ಲಿ ಹೂ ಉಂಟು ಮಾರಾಯ," ಎಂದರು ಧರ್ಮಪಾಲ, ಅವಸರಕ್ಕೆ ಹಿಂದಿ ಮರೆತು.

ಅವನ ಕಣ್ಣು ಹೆಗಲ ಮೇಲಿನ ಪೈಪಿಗೆ ಹೋಯಿತು. "ತೋ ಯೇ ದೇದೋ. ವಜನ್ ಕೆ ಬದ್ಲೆ ವಜನ್."

ತೂಕಕ್ಕೆ ತೂಕ ಎಂದು ಹಿಡಿದ ತಕ್ಕಡಿಯಲ್ಲಿ ಹೊಸ ಪೈಪು ಹಗುರವಾಯಿತು. ಅವನು ಅದನ್ನು ಬೆರಳಿನಿಂದ ತಟ್ಟಿ ಮೂಗು ಮುರಿದ. ಧರ್ಮಪಾಲರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸುತ್ತಿಗೆಯನ್ನೂ ಹಾಕಿದ ಮೇಲೆ ತಕ್ಕಡಿ ಸಮಕ್ಕೆ ಬಂತು.

ಅವರು ಮರಳಿದಾಗ ಪಾರ್ಕಿಂಗ್ ಖಾಲಿಯಾಗಿತ್ತು. ಇಡೀ ಕಟ್ಟಡ ಸೀರೆ ಉಡುವುದರಲ್ಲೂ ಇಸ್ತ್ರಿ ಮಾಡುವುದರಲ್ಲೂ ಮುಳುಗಿತ್ತು. ಎಣ್ಣೆ ಕುಡಿದ ಬೋಲ್ಟುಗಳು ಸಲೀಸಾಗಿ ಕೂತವು. ಹಳೆಯ ಪೈಪು ತನ್ನ ಜಾಗ ಸೇರಿದ್ದನ್ನು ಯಾರೂ ನೋಡಲಿಲ್ಲ.

ಸಂಜೆ ಅಶ್ಮಿತಾ ಕಾರು ಹತ್ತಿದಳು. ಧರ್ಮಪಾಲರು ಕೀಲಿ ತಿರುಗಿಸಿದರು. ಕಾರಿನ ಪಕ್ಕ ನಿಂತಿದ್ದ ಮುರಾರಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಬ್ಬ, ಇಲ್ಲಿ ಒಳಗೆ ಗುಡುಗಿದ ಹಾಗೆ ಆಯ್ತು."

"ಸ್ವಲ್ಪ ಮೆಲ್ಲ ಬಿಡಿ ಅಣ್ಣ," ಎಂದರು ಹಿಂದೆ ಕೂತ ಜಯಲತಕ್ಕ. "ಹುಡುಗಿಗೆ ತಲೆನೋವು ಬಂದೀತು."

ಧರ್ಮಪಾಲರು ನಿಜ ಹೇಳಲು ಬಾಯಿ ತೆರೆದರು. ಆದರೆ ನಿಜ ಹೇಳಿದರೆ ತೂತುಗಳ ಲೆಕ್ಕವನ್ನೂ ಹೇಳಬೇಕಾಗುತ್ತದೆ. ಗೇರ್ ಹಾಕಿದರು.

ನೆರೂಳಿನಲ್ಲಿ ಮದುಮಗ ಹಿತೇಶ್ ಹುಡುಗಿಗಿಂತ ಮೊದಲು ಕಾರಿನ ಹತ್ತಿರ ಬಂದು ಅದರ ಸದ್ದಿಗೆ ಕಿವಿಯಿಟ್ಟ. ಅಶ್ಮಿತಾ ಫೋನಿನಲ್ಲಿ ಎಲ್ಲ ವರದಿ ಮಾಡಿದ್ದಳು. "ಅಂಕಲ್, ಕ್ಯಾ ಬೇಸ್ ಹೈ. ಡೌನ್‌ಪೈಪ್ ಕಾ ಕಮಾಲ್ ಹೈ ನಾ?"

"ಹೂಂ," ಎಂದರು ಧರ್ಮಪಾಲ. ದಿನವಿಡೀ ಅವರಿಗೆ ಸಿಕ್ಕಿದ್ದ ಮೊದಲ ಹೊಗಳಿಕೆ ಅದು.

ಮರುದಿನ ಸೊಸೈಟಿಯ ಬೋರ್ಡಿನಲ್ಲಿ ನೋಟಿಸು ಬಿತ್ತು. ಕರ್ಕಶ ಪೈಪು ತೆಗೆಯದ ವಾಹನಕ್ಕೆ ಪಾರ್ಕಿಂಗಿನಲ್ಲಿ ಜಾಗವಿಲ್ಲ. ಕೆಳಗೆ ಮುರಾರಿಯವರ ಸಹಿ. 'ಹೂಂ' ಎಂದಾದ ಮೇಲೆ ಧರ್ಮಪಾಲರಿಗೆ ದಾರಿ ಒಂದೇ ಉಳಿದಿತ್ತು.

ಮುಂದಿನ ಭಾನುವಾರ ಮತ್ತೆ ಚಾಪೆ ಹಾಸಿದರು. ಕಾರಿನಡಿ ತಂಪಾಗಿತ್ತು. ಆಗಾಗ ಸ್ಪ್ಯಾನರ್‌ನಿಂದ ಕಬ್ಬಿಣಕ್ಕೆ ಕುಟ್ಟಿ, ಉಳಿದ ಹೊತ್ತು ಸುಖವಾಗಿ ನಿದ್ದೆ ಮಾಡಿದರು. ಎದ್ದು ಮೈ ಕೊಡವಿ ಎಂಜಿನ್ ಶುರುಮಾಡಿದಾಗ ಎಲ್ಲರೂ ಸುತ್ತ ನಿಂತಿದ್ದರು.

"ಈಗ ದೇವಸ್ಥಾನದ ಹಾಗೆ ಉಂಟು," ಎಂದರು ಜಯಲತಕ್ಕ.

ಮುರಾರಿ ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿದರು. "ಕಡಿಮೆ ಆಗಿದೆ, ಒಪ್ಪಿದೆ. ಆದ್ರೆ ಒರಿಜಿನಲ್‌ನ ನಯ ಇದರಲ್ಲಿಲ್ಲ. ಹೇಗಿರ್ತದೆ? ಒರಿಜಿನಲ್ ಭಂಗಾರಿಗೆ ಹೋದದ್ದನ್ನು ಬಾಲ್ಕನಿಯಿಂದ ನಾನೇ ಕಣ್ಣಾರೆ ನೋಡಿದ್ದೇನೆ. ನೀವು ಈಗ ಹಾಕಿದ್ದು ಎಲ್ಲಿಯದೋ ಡೂಪ್ಲಿಕೇಟ್. ಕಂಪನಿಯ ಪೈಪ್ ಹಾಕಿಸಿ, ಬಿಲ್ ತಂದು ತೋರಿಸಿ. ಅಲ್ಲಿವರೆಗೆ ಕಾರು ಗೇಟಿನ ಹೊರಗೆ."

ಧರ್ಮಪಾಲರು ಕಾರನ್ನು ಹೊರಗೆ ತಂದು ರಸ್ತೆಬದಿಗೆ ನಿಲ್ಲಿಸಿದರು. ಎಂಜಿನ್ ಆರಿಸುವ ಮುನ್ನ ಒಂದು ಗಳಿಗೆ ಕಿವಿಗೊಟ್ಟರು. ಅದು ಎಂದಿನಂತೆ ಗುರುಗುಟ್ಟುತ್ತಿತ್ತು. ಇನ್ನೊಮ್ಮೆ ಕೇಳಿದರು. ಮುರಾರಿ ಹೇಳಿದ್ದರಲ್ಲೂ ಏನೋ ಉಂಟು ಎನ್ನಿಸಿತು: ಸ್ವಲ್ಪ ಡೂಪ್ಲಿಕೇಟ್ ಸದ್ದೇ.