ಬೀಗರೂಟದಲ್ಲೊಂದು ಪುಸ್ತಕ ಬಿಡುಗಡೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಶಾಮಿಯಾನ ಹಳದಿಯಿತ್ತೋ ಕೆಂಪಿತ್ತೋ, ಕೇಳಿದರೆ ಪ್ರಮಾಣ ಮಾಡಲಾರೆ. ನನ್ನ ನೆನಪು ಯಾವಾಗಲೂ ನನ್ನ ಮಾನ ಉಳಿಯುವ ಕಡೆಗೇ ವಾಲುತ್ತದೆ. ಆದರೆ ಅವತ್ತು ಮಾನ ಹೋದದ್ದಂತೂ ನಿಜ!

ನನ್ನ ಮೊದಲ ಪ್ರಬಂಧ ಸಂಕಲನ ಅಚ್ಚಾಗಿ ಬಂದಿತ್ತು. "ಬಿಡುಗಡೆಗೆ ಜನ ಸೇರಿಸೋದು ಲೇಖಕರ ಜವಾಬ್ದಾರಿ ಮೇಡಂ," ಎಂದು ಪ್ರಕಾಶಕರು ಫೋನಿಟ್ಟರು. ದೊಡ್ಡಬಳ್ಳಾಪುರದ ನಮ್ಮ ಮನೆಯ ದಿವಾನದ ಕೆಳಗೆ ಪುಸ್ತಕದ ಕಟ್ಟುಗಳು ಸೇರಿಕೊಂಡವು. ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಒಬ್ಬರೇ ಓದುಗರು: ಸಾಸಲು ಗ್ರಾಮದಲ್ಲಿರುವ ನಮ್ಮ ಅತ್ತಿಗೆ. ಅಣ್ಣನ ಮದುವೆಯಾದ ಹೊಸತರಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಾರಪತ್ರಿಕೆಯ ಧಾರಾವಾಹಿ ಓದಿ ಹೇಳಿ, ಪುಸ್ತಕದ ಹುಚ್ಚು ಹಿಡಿಸಿದವರು. ಸಂಕಲನದ ಮೊದಲ ಪ್ರಬಂಧ ಅವರ ಮೇಲೆಯೇ. ಹೇಳಿರಲಿಲ್ಲ, ಓದಿಯೇ ತಿಳಿಯಲಿ ಅಂತ.

ಅಷ್ಟರಲ್ಲಿ ಅವರ ಮಗನ ಮದುವೆ, ಹಿಂದೆಯೇ ಬೀಗರೂಟ. ಮಟನ್ ಸಾರು ಇರುವಲ್ಲಿ ಜನಕ್ಕೆ ಬರವೇ? ಅಲ್ಲೇ ಬಿಡುಗಡೆ! ಯಾವ ಪ್ರಕಾಶಕರಿಗೂ ಹೊಳೆಯದ ಉಪಾಯ!

"ಮಾಡ್ಕೋ ಕಣಮ್ಮಾ, ಮುದ್ದೆ ಆರೋದ್ರೊಳಗೆ ಮುಗಿಸ್ಬಿಡು," ಎಂದರು ಅತ್ತಿಗೆ.

"ಹಸಿದೋರ ಮುಂದೆ ಭಾಷಣಾನಾ? ಧೈರ್ಯ ಜಾಸ್ತಿ ಕಣೇ ನಿಂಗೆ," ಎಂದರು ನಮ್ಮ ಯಜಮಾನರು.

ಮೈಕ್ ಹಿಡಿದು "ಸಾಹಿತ್ಯಾಭಿಮಾನಿಗಳೇ" ಎಂದೆ. ಅದೇ ಕ್ಷಣಕ್ಕೆ ಅಡುಗೆಯವರು ಕೊಪ್ಪರಿಗೆಯ ಮುಚ್ಚಳ ತೆಗೆದರು. ಸಾಹಿತ್ಯಾಭಿಮಾನಿಗಳು ಎದ್ದು ಹೋದರು. ಎದೆಗುಂದದೆ ಊಟದ ಪೆಂಡಾಲಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಒಂದೊಂದು ಪುಸ್ತಕ ಹಂಚಿದೆ.

ಸ್ವಲ್ಪ ಹೊತ್ತಿಗೆ ಒಳಗೆ ಹೋದವರೊಬ್ಬರು ಓಡೋಡಿ ವಾಪಸ್ಸು ಬಂದರು. "ಅಕ್ಕೋ, ಇದ್ರ ಮೇಲೆ ನನ್ನ ಹೆಸ್ರು ಬರ್ಕೊಡು. ರಾಮಣ್ಣ ಅಂತ. ದಪ್ಪಕ್ಕೆ ಬರಿ!"

ಅವರ ಹಿಂದೆ ಇನ್ನೊಬ್ಬರು. ಆಮೇಲೆ ಸಾಲೇ ಸಾಲು! ನಾನು "ಪ್ರೀತಿಯ ಓದುಗರಾದ" ಎಂದು ಶುರು ಮಾಡಿದರೆ, "ಅದೆಲ್ಲಾ ಬೇಡ, ಹೆಸ್ರೊಂದು ಸಾಕು. ಮೇಲ್ಗಡೆ ರಟ್ಟಿನ ಮೇಲೇ ಬರಿ, ಬೇಗ!" ಎನ್ನುತ್ತಿದ್ದರು. ಎಂಥ ಸರಳ ಜನ! ನನ್ನ ಕಣ್ಣು ತುಂಬಿ ಬಂತು.

"ರೀ, ಫೋಟೋ ತೆಗೀರಿ!" ಎಂದು ಕೂಗಿದೆ.

"ಫೋಟೋ ತೆಗೆಯೋ ಅಂಥದ್ದು ಒಳಗಡೆ ಇದೆ, ಬಾ," ಎಂದರು ಯಜಮಾನರು.

ಒಳಗೆ ಹೋದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ, ಒಂದೊಂದು ಕುರ್ಚಿಯ ಮೇಲೂ ನನ್ನ ಪುಸ್ತಕ!

"ಏಳಲಾ, ಇಲ್ಲಿ ನಾನು ಪುಸ್ತಕ ಇಟ್ಟಿದ್ದೆ!"

"ಎಲ್ಲಾ ಒಂದೇ ಥರ ಅವೆ, ನಿಂದೇ ಅಂತ ಏನ್ಲಾ ಗ್ಯಾರಂಟಿ? ಹೆಸ್ರು ಬರ್ಸಿದ್ದೀಯಾ?"

"ನೋಡ್ಕೋ, ರಾಮಣ್ಣ ಅಂತ ಐತೆ. ಬೇಕಾದ್ರೆ ಬರ್ದಿರೋ ಅಕ್ಕನ್ನೇ ಕೇಳು!"

ಇಬ್ಬರೂ ನನ್ನ ಕಡೆ ತಿರುಗಿದರು. ಅಕ್ಷರ ನನ್ನದೇ ಎಂದು ಸಾಕ್ಷಿ ಹೇಳಿ ನ್ಯಾಯ ತೀರಿಸಿದೆ. ನನ್ನ ಕೃತಿಯ ಮೇಲೆ ನಡೆದ ಮೊಟ್ಟಮೊದಲ ಸಂವಾದ ಅದು. ಕೊನೆಯದೂ ಅದೇ.

ಪ್ರತಿಗಳೆಲ್ಲ ಖಾಲಿ! ಹಾಗಾಗಿ ಕುರ್ಚಿ ಹಿಡಿಯಲು ಲೇಖಕಿಯ ಹತ್ತಿರ ಒಂದು ಪುಸ್ತಕವೂ ಉಳಿದಿರಲಿಲ್ಲ. ಪಂಕ್ತಿಯ ಮೇಲೆ ಪಂಕ್ತಿ ಎದ್ದರೂ ನಾನು ನಿಂತೇ ಇದ್ದೆ. ಕೊನೆಯ ಪಂಕ್ತಿಗೆ ಕೂತ ಅತ್ತಿಗೆ, ಪಕ್ಕದ ಕುರ್ಚಿಯಿಂದ ಪುಸ್ತಕ ಎತ್ತಿಕೊಂಡು, "ಬಾರಮ್ಮಾ, ನಿಂಗೇ ಅಂತ ಹಿಡ್ದಿಟ್ಟಿದ್ದೆ," ಎಂದರು. ಮುಖಪುಟದ ಮೇಲೆ ಬಿದ್ದಿದ್ದ ಸಾರನ್ನು ಸೆರಗಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡರು.

ಮುದ್ದೆ ಮುರಿಯುತ್ತಾ ಕೇಳಿದೆ: "ಅತ್ತಿಗೆ, ಮೊದಲ್ನೇ ಪ್ರಬಂಧ ಒಂದಾದ್ರೂ ಓದ್ತೀರಾ?"

"ಏ, ಇವ್ಳಿಗೆ ಇನ್ನೆರಡು ಪೀಸ್ ಹಾಕ್ರಪ್ಪಾ!" ಎಂದು ಬಡಿಸುವವರನ್ನು ಕೂಗಿದರು ಅತ್ತಿಗೆ.

ಮೊನ್ನೆ ತಡೆಯಲಾರದೆ ಫೋನ್ ಮಾಡಿ, ಸುತ್ತಿ ಬಳಸದೆ ಕೇಳಿಯೇಬಿಟ್ಟೆ. "ಅತ್ತಿಗೆ, ಓದಿದ್ರಾ?"

"ಊಟ ಆಯ್ತೇನಮ್ಮಾ?" ಎಂದರು ಅತ್ತಿಗೆ.