ನಾಲಿಗೆಯಪ್ಪನ ನೆಲ್ಲಿಕಾಯಿ

ಎಲ್ಲಕ್ಕೂ ಕಾರಣ ಒಂದೇ ಒಂದು ಸೀನು. ಚಹಾ ಕಂಪನಿಯಲ್ಲಿ ಹದಿನೆಂಟು ವರ್ಷದಿಂದ ರುಚಿ ನೋಡುತ್ತಿದ್ದ ಅವನನ್ನು ಎಲ್ಲರೂ ನಾಲಿಗೆಯಪ್ಪ ಎಂದೇ ಕರೆಯುತ್ತಿದ್ದರು. ಆ ಬೆಳಿಗ್ಗೆ ಅವನು ಸೀನಿದ್ದು ಸರಿಯಾಗಿ ಯಜಮಾನರ ಮುಖದ ಮುಂದೆ.

"ಸಂಜೆ ನಾಲ್ಕಕ್ಕೆ ದೊಡ್ಡ ಗಿರಾಕಿ ಬರ್ತಾರೆ. ಮೂಗು ಕಟ್ಟಿದೆ ಅಂತ ತಡವರಿಸಿದ್ರೆ ನಾಳೆಯಿಂದ ಪ್ಯಾಕಿಂಗಿಗೆ ಹೋಗು," ಎಂದರು ಯಜಮಾನರು.

ತನ್ನ ನಾಲಿಗೆ ಒಮ್ಮೆಯೂ ಸುಳ್ಳು ಹೇಳಿಲ್ಲ ಎಂಬ ಹೆಮ್ಮೆ, ಕೂತು ರುಚಿ ನೋಡುವ ಮೇಜು, ಇವೆರಡು ಬಿಟ್ಟರೆ ಅವನಿಗೆ ಬೇರೆ ಆಸ್ತಿಯಿರಲಿಲ್ಲ.

ನೆಗಡಿ ಬಂದವನಿಗೆ ಕಂಡವರೆಲ್ಲ ವೈದ್ಯರೇ. ಟೈಪಿಸ್ಟ್ ಚೀಪುವ ಮಾತ್ರೆ ತಂದ. "ವಿಟಮಿನ್ ಸಿ ಸಾರ್. ನೆಗಡಿ ಬಾಲ ಮುದುರ್ಕೊಂಡು ಓಡುತ್ತೆ." ಕಾವಲುಗಾರ ಎರಡು ಮೂಸಂಬಿ ಸುಲಿದ. ಗೋದಾಮಿನ ಅಕ್ಕ ಒಂದು ಬುಟ್ಟಿ ನೆಲ್ಲಿಕಾಯಿಯನ್ನೇ ತಂದಿಟ್ಟಳು. "ಮೂಸಂಬಿ ಏನ್ ಮಹಾ? ಇದರ ಮುಂದೆ ನೀರು. ಬಾಯಿ ತೆಗಿ ತಮ್ಮಾ!"

"ಬಂದಿರೋ ನೆಗಡಿಗೆ ಈಗ ತಿಂದು ಏನೂ ಪ್ರಯೋಜನ ಇಲ್ಲ ಕಣ್ರೀ. ದಿನಾ ತಿನ್ನೋರಿಗಾದ್ರೆ ಒಂದರ್ಧ ದಿನ ಬೇಗ ಬಿಡಬಹುದು, ಅಷ್ಟೇ," ಎಂದರು ಕಂಪನಿಯ ನರ್ಸಮ್ಮ. ಅವರ ಮಾತು ಯಾರಿಗೆ ಬೇಕು? ನಾಲ್ಕು ಹೊಡೆಯುವ ಹೊತ್ತಿಗೆ ಬುಟ್ಟಿಯ ತಳ ಕಾಣುತ್ತಿತ್ತು. ಹಲ್ಲು ಜುಮ್ಮೆನ್ನುತ್ತಿತ್ತು. ಮೂಗು ಮಾತ್ರ ಬೀಗ ಹಾಕಿದ ಬಾಗಿಲಿನಂತೆ ಹಾಗೇ ಇತ್ತು.

ಮೇಜಿನ ಮೇಲೆ ಆರು ಬಗೆಯ ಚಹಾದ ಆರು ಲೋಟ, ಎದುರಿಗೆ ಗಿರಾಕಿ. ಮೊದಲನೆಯದನ್ನು ಹೀರಿದ, ಸಿಹಿ. ಎರಡನೆಯದೂ ಸಿಹಿ. ಆರೂ ಸಿಹಿ! ನೆಲ್ಲಿಕಾಯಿ ತಿಂದ ಬಾಯಿಗೆ ಬರೀ ನೀರೂ ಸಿಹಿಯೆಂಬುದು ಅವನಿಗೆ ಆಗ ನೆನಪಾಯಿತು. ಗಾಜಿನಾಚೆ ಪ್ಯಾಕಿಂಗಿನವರು ಧೂಳಿನಲ್ಲಿ ಬಗ್ಗಿ ನಿಂತಿದ್ದರು.

"ಎಲ್ಲಾ ಚೆನ್ನಾಗಿದೆ. ಯಾವುದರಲ್ಲೂ ದೋಷ ಇಲ್ಲ," ಎಂದುಬಿಟ್ಟ. ಅವನ ನಾಲಿಗೆಯ ಮೊದಲ ಸುಳ್ಳು. ಗಿರಾಕಿ ಮರುಮಾತಿಲ್ಲದೆ ಆರು ಬಗೆಯನ್ನೂ ಕೊಂಡ.

ಮನಸ್ಸು ತಡೆಯಲಿಲ್ಲ. ನಾಚಿಕೆಯಿಂದ ಕುಗ್ಗಿ ಯಜಮಾನರ ಕೋಣೆಗೆ ಹೋದ. "ತಪ್ಪಾಯ್ತು ಯಜಮಾನ್ರೇ. ನನಗೆ ಯಾವ ರುಚಿಯೂ ತಿಳೀಲಿಲ್ಲ. ಪ್ಯಾಕಿಂಗಿಗೇ ಕಳಿಸಿ."

"ಯಾಕೋ? ಮೇಜು ನಿನ್ನದೇ," ಎಂದು ಯಜಮಾನರು ನಕ್ಕರು. "ಐದನೇ ಲೋಟದ್ದು ನೆನೆದು ಬೂಷ್ಟು ಹಿಡಿದ ಪುಡಿ. ನೀನು ಸುಳ್ಳು ಹೇಳಲ್ಲ ಅಂತ ಎಲ್ಲರಿಗೂ ಗೊತ್ತಲ್ಲ, ಅದಕ್ಕೇ ಅದೂ ಮಾರಿಹೋಯ್ತು. ಅಕ್ಕನ ಕೈಗೆ ಬುಟ್ಟಿ ಕೊಟ್ಟು ಕಳಿಸಿದ್ದು ಯಾರು ಅಂದ್ಕೊಂಡೆ?"

ಯಜಮಾನರ ಮೇಜಿನಡಿಯಿಂದ ಇನ್ನೊಂದು ತುಂಬಿದ ಬುಟ್ಟಿ ಹೊರಬಂತು.

"ನಾಳೆಯೂ ಒಬ್ಬರು ಬರ್ತಾರೆ. ಒಂದು ತಗೋ, ಈಗಲೇ ಶುರು ಮಾಡು."

ಅವರೆದುರೇ ಅಗಿದು ನುಂಗಿ, ಹೊರಗೆ ಬಂದು ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದ. ಅಳು ಬರುವಂತಿತ್ತು. ನೀರು ಮಾತ್ರ ಸಿಹಿಯಾಗಿತ್ತು.