ದ್ವೀಪದೇಶಕ್ಕೆ ಬಿದ್ದ ಹನ್ನೊಂದನೆಯ ವಿರೋಧ

ವಿದೇಶಾಂಗ ವ್ಯವಹಾರದಲ್ಲಿ ನಾನು ಒಂದು ಸಲ ಕೈಹಾಕಿದ್ದೇನೆ. ಈ ಮಾತನ್ನು ನನ್ನ ಹೆಂಡತಿಗೂ ಇದುವರೆಗೆ ಹೇಳಿಲ್ಲ. ಹೇಳಿದರೆ "ನೆಟ್ಟಗೆ ಸೀಮೆಎಣ್ಣೆ ಕ್ಯೂನಲ್ಲಿ ನಿಲ್ಲೋಕೆ ಬರಲ್ಲ, ನಿಮಗ್ಯಾಕ್ರೀ ವಿದೇಶ" ಅಂದಾಳು ಎಂಬ ಭಯ ಒಂದು ಕಡೆ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಯೂ ನಡೆಯಿತೆಂದು ನಾನೇ ಒಪ್ಪಿಕೊಂಡಂತಾಗುತ್ತದಲ್ಲ ಎಂಬ ಭಯ ಇನ್ನೊಂದು ಕಡೆ. ನಾನು ಹುಟ್ಟಾ ಚಿಂತೆಯವನು. ಆರ್.ಟಿ. ನಗರದ ಮನೆಗೆ ಬೀಗ ಹಾಕಿ, ಬಸ್ ಸ್ಟಾಪಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಜಗ್ಗಿ ನೋಡಿ, ಜಗ್ಗಿದ್ದರಿಂದಲೇ ಸಡಿಲವಾಯಿತೇನೋ ಎಂದು ಮತ್ತೆ ತಿರುಗಿ ಬಂದವನು. ಹೆಂಡತಿ ಒಳಗಿರುವಾಗಲೇ ಹೀಗೆ ಬೀಗ ಜಡಿದು ಹೋದದ್ದೂ ಉಂಟು. ಇಂಥವನಿಗೆ ಸಿಕ್ಕ ಕೆಲಸ ಪ್ರೂಫ್ ನೋಡುವುದು. ತಪ್ಪಿಲ್ಲದ ಕಡೆಯೂ ತಪ್ಪಿದೆಯೆಂದು ಅನುಮಾನಪಟ್ಟರೆ ಸಂಬಳ ಕೊಡುವ ಉದ್ಯೋಗ ನನಗೆ ತಿಳಿದಂತೆ ಇದೊಂದೇ.

ಎಪ್ಪತ್ತರ ದಶಕದ ಕೊನೆಯ ಮಾತು. ಯಶವಂತಪುರದ ರೈಲ್ವೆ ಗೋಡೆಗೆ ಒತ್ತಿಕೊಂಡಿದ್ದ ಒಂದು ಖಾಸಗಿ ಅಚ್ಚುಕೂಟದಲ್ಲಿ ನನಗೆ ಕೆಲಸ. ಗೂಡ್ಸ್ ಗಾಡಿ ಹೋದಾಗಲೆಲ್ಲ ಮರದ ಕೇಸುಗಳ ಮನೆಗಳಲ್ಲಿದ್ದ ಸೀಸದ ಅಚ್ಚುಮೊಳೆಗಳು ಹಲ್ಲು ಕಡಿದಂತೆ ಸದ್ದು ಮಾಡುತ್ತಿದ್ದವು. ವಿಧಾನಸಭೆಯ ನಡವಳಿಗಳನ್ನು ಅಚ್ಚು ಮಾಡುವ ಕೆಲಸ ನಮಗೆ ಬರುತ್ತಿತ್ತು. ಹಿಂದಿನ ವರ್ಷ ನಾನು ಒಬ್ಬ ಮಂತ್ರಿಗಳ ಭಾಷಣವನ್ನು ವಿರೋಧ ಪಕ್ಷದ ನಾಯಕರ ಹೆಸರಿನಲ್ಲಿ ಬಿಟ್ಟುಬಿಟ್ಟಿದ್ದೆ. ಇಬ್ಬರೂ ಭಾಷಣ ಚೆನ್ನಾಗಿದೆ ಎಂದು ಸುಮ್ಮನಿದ್ದರು, ಆದರೆ ನಮ್ಮ ಮಾಲೀಕರು ಸುಮ್ಮನಿರಲಿಲ್ಲ. "ಇನ್ನೊಂದು ಸಲ ಹಿಂಗಾದ್ರೆ ಈ ಕೆಲಸ ನಮ್ಮ ಕೈ ಬಿಡುತ್ತೆ ಸ್ವಾಮಿ. ಅದಕ್ಕೆ ಮುಂಚೆ ನಾನು ನಿಮ್ಮ ಕೈ ಬಿಡ್ತೀನಿ" ಎಂದು, ಕಾಫಿ ತರಿಸಿ ಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದ್ದರು.

ನಮ್ಮ ಕೆಲಸದ ರೀತಿ ಹೀಗೆ. ಕಾಪಿ, ಅಂದರೆ ಮೂಲಪ್ರತಿ, ಹಿಡಿದು ಗಟ್ಟಿಯಾಗಿ ಓದುವವರು ಒಬ್ಬರು, ಅದನ್ನು ಕೇಳುತ್ತ ಪ್ರೂಫಿನ ಮೇಲೆ ಕಣ್ಣಾಡಿಸುವವರು ಇನ್ನೊಬ್ಬರು. ನನಗೆ ಓದುತ್ತಿದ್ದವರು ಮೆಹರುನ್ನೀಸಾ ಎಂಬ ನನ್ನ ವಯಸ್ಸಿನ ಹೆಂಗಸು, ನಮ್ಮ ಬಡಾವಣೆಯವರೇ. ಮನೆಯಲ್ಲಿ ದಖ್ಖನಿ ಮಾತಾಡಿದರೂ ಆಕೆಯ ಕನ್ನಡ ನನ್ನದಕ್ಕಿಂತ ಶುದ್ಧ. ಕಾಮಾ, ಪೂರ್ಣವಿರಾಮ, ಹೊಸ ಸಾಲು ಎಲ್ಲವನ್ನೂ ಒಂದೇ ರಾಗದಲ್ಲಿ ಓದುತ್ತಿದ್ದರು. ಹತ್ತು ನಿಮಿಷ ಕೇಳಿದರೆ ಯಾವುದೋ ಶ್ರಾದ್ಧದ ಮಂತ್ರ ಕೇಳಿದ ಹಾಗೆ ಮೈ ಮರೆಯುತ್ತಿತ್ತು.

ನಮ್ಮ ಸದನಕ್ಕೂ ಪರದೇಶಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿಲ್ಲ, ಆದರೆ ಅಭಿಪ್ರಾಯವಿತ್ತು. ವರ್ಷಕ್ಕೆ ಒಂದೆರಡು ಸಲ, ಇಂಥ ದೇಶದ ಜೊತೆ ಸ್ನೇಹ ಮಾಡಿ, ಇಂಥ ದೇಶಕ್ಕೆ ಅಕ್ಕಿ ಕಳಿಸಿ ಎಂದು ಕೇಂದ್ರಕ್ಕೆ ಹೇಳುವ ನಿರ್ಣಯ ಬರುತ್ತಿತ್ತು. ಸಾಮಾನ್ಯವಾಗಿ ಹೌದು ಎಂದವರ ಗಂಟಲು ದೊಡ್ಡದಿದ್ದರೆ ಮುಗಿಯಿತು. ಯಾರಾದರೂ ತಲೆ ಎಣಿಸಿ ಎಂದು ಹಟ ಹಿಡಿದರೆ ಮಾತ್ರ ಪರ ಇದ್ದವರನ್ನು, ವಿರೋಧ ಇದ್ದವರನ್ನು ಸಾಲುಸಾಲಾಗಿ ಎಬ್ಬಿಸಿ ನಿಲ್ಲಿಸಿ ಹೆಸರು ಬರೆದುಕೊಳ್ಳುತ್ತಿದ್ದರು. ಹಟ ಹಿಡಿಯುತ್ತಿದ್ದವರು ಪಿಳ್ಳಮಾರಪ್ಪ ಎಂಬ ಪಕ್ಷೇತರ ಸದಸ್ಯರು, ಯಲಹಂಕದ ಆಚೆಯ ರೈತರು. ಅವರದು ಕೊನೆಯ ಸಾಲಿನ ಕೊನೆಯ ಕುರ್ಚಿ. ಅವರನ್ನು ನಾನು ಕಣ್ಣಾರೆ ಕಂಡವನಲ್ಲ, ಪ್ರೂಫಿನಲ್ಲಷ್ಟೇ ಬಲ್ಲೆ. ಉಳಿದವರು ಆ ದೇಶದ ಮಹಾನ್ ಪರಂಪರೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದ ಮೇಲೆ ಇವರು ಎದ್ದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅದೆಲ್ಲೈತೆ ಅಂತ ಯಾರಾನ ಯೋಳ್ರಿ. ಎಲ್ಲೈತೋ ಗೊತ್ತಿಲ್ದೆ ಎಂಗೆ ಊಂ ಅನ್ನೋದು?" ಉತ್ತರದ ಜಾಗದಲ್ಲಿ ಕಂಸದೊಳಗೆ 'ನಗು' ಎಂದಿರುತ್ತಿತ್ತು. ಆಮೇಲೆ ಮತ. ವಿರೋಧದ ಪಟ್ಟಿ ಆಸನಗಳ ಕ್ರಮದಲ್ಲಿರುತ್ತಿದ್ದುದರಿಂದ ಎಲ್ಲರಿಗಿಂತ ಕೊನೆಗೆ ಪಿಳ್ಳಮಾರಪ್ಪ, ಪೂರ್ಣವಿರಾಮ.

ಅವರು ತೀರಿಕೊಂಡರು. ಸಂತಾಪ ನಿರ್ಣಯದ ಪ್ರೂಫನ್ನು ನಾನೇ ಮೂರು ಸಲ ನೋಡಿದೆ. ಉಪಚುನಾವಣೆಯಲ್ಲಿ ತಿಮ್ಮರಾಯಿ ಎಂಬ ಆಡಳಿತ ಪಕ್ಷದ ಹೊಸಬರು ಗೆದ್ದು ಬಂದರು. ಪಕ್ಷದವರ ನಡುವೆ ಜಾಗ ಸಾಲದೆ ಅವರಿಗೆ ಸತ್ತವರ ಕುರ್ಚಿಯನ್ನೇ ಕೊಟ್ಟರು. ಕೆಲವು ತಿಂಗಳ ಮೇಲೆ, ಬಿರುಗಾಳಿಗೆ ಸಿಕ್ಕಿದ ಯಾವುದೋ ದ್ವೀಪದೇಶಕ್ಕೆ ನೆರವು ಕೊಡಬೇಕೆಂಬ ನಿರ್ಣಯ ಬಂದು, ವಿರೋಧ ಪಕ್ಷದವರ ಹಟಕ್ಕೆ ಮತಕ್ಕೆ ಬಿದ್ದು, ನಮ್ಮ ಮೇಜಿಗೂ ಬಂತು. ವಿರೋಧ ಹನ್ನೊಂದು. ಮೆಹರುನ್ನೀಸಾ ಓದಿದರು, ನಾನು ಹನ್ನೊಂದು ಹೆಸರನ್ನೂ ಎಣಿಸಿ ಗುರುತು ಹಾಕಿದೆ. ಸದಸ್ಯರು ನೋಡಿ ತಿದ್ದಲೆಂದು ಕರಡು ಪ್ರತಿಗಳು ಹೊರಟುಹೋದವು.

ಮರುದಿನ ಮಧ್ಯಾಹ್ನ ಮೊಸರನ್ನದ ಡಬ್ಬಿ ಬಿಚ್ಚಿ ಮೊದಲ ತುತ್ತು ಬಾಯಿಗಿಟ್ಟಾಗ ಹೊಳೆಯಿತು. ಹನ್ನೊಂದನೆಯ ಹೆಸರಾಗಿ ನಾನು ಕೇಳಿದ್ದು, ನೋಡಿದ್ದು, ಗುರುತು ಹಾಕಿದ್ದು ಪಿಳ್ಳಮಾರಪ್ಪನವರದು. ಡಬ್ಬಿಯನ್ನು ಹಾಗೇ ಬಿಟ್ಟು ಎದ್ದೆ.

"ಮೇಡಂ, ನಿನ್ನೆ ಕೊನೇ ಹೆಸರು ಏನಂತ ಓದಿದ್ರಿ?"

"ತಿಮ್ಮರಾಯಿ, ಪೂರ್ಣವಿರಾಮ. ಯಾಕೆ ಸಾರ್?"

ಕಾಪಿಯಲ್ಲಿ ಇದ್ದದ್ದೂ ಅದೇ. ಪ್ರೂಫಿನಲ್ಲಿ ಇದ್ದದ್ದು ಮಾತ್ರ ಸತ್ತವರು. ಮೊಳೆ ಜೋಡಿಸುವ ಖಾದರ್ ಸಾಬರ ಹತ್ತಿರ ಓಡಿದೆ. ಅವರು ಪದೇಪದೇ ಬರುವ ಹೆಸರುಗಳ ಮೊಳೆಗಳನ್ನು ಬಿಚ್ಚದೆ ದಾರ ಸುತ್ತಿ ಇಟ್ಟುಕೊಂಡು ಪಟ್ಟಿ ಬಂದಾಗ ಎತ್ತಿ ಇಡುತ್ತಿದ್ದವರು. ಮೊಳೆ ಜೋಡಿಸಿಟ್ಟ ಗ್ಯಾಲಿಯನ್ನು ಬಹಳ ಹೊತ್ತು ನೋಡಿದರು. "ಕಣ್ಣು ಕಾಪಿ ಮೇಲೇ ಇತ್ತು ಸಾರ್. ಕೈ ತಾನೇ ಹೋಗಿ ತಗೊಂಡ್ಬಂದ್ಬಿಟ್ಟಿದೆ. ಸತ್ತ ಮೇಲೆ ಅದನ್ನ ಬಿಚ್ಚಿ ಹಾಕಿದ್ದೆ ಅಂತ ನನಗೆ ನೆನಪು."

"ಹಾಕಿದ್ರೋ ಇಲ್ವೋ?"

"ಹಾಕಿದ್ದೆ ಸಾರ್."

ಅವರ ಕೈ, ನನ್ನ ಕಿವಿ, ನನ್ನ ಕಣ್ಣು, ಮೂರೂ ಒಂದೇ ದಿನ ಸತ್ತವರ ಕಡೆ ಸೇರಿಕೊಂಡಿದ್ದವು. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಕೇಸುಗಳೆಲ್ಲ ಕಟಕಟ ಅಂದವು. ಖಾದರ್ ಸಾಬರು ಬಾಯೊಳಗೇ ಏನೋ ದುವಾ ಹೇಳಿಕೊಂಡರು. ನನಗೂ ಏನಾದರೂ ಹೇಳಿಕೊಳ್ಳಬೇಕೆನ್ನಿಸಿತು, ಬಾಯಿಗೆ ಬಂದದ್ದು ಕಾಮಾ, ಪೂರ್ಣವಿರಾಮ.

ಮಾಲೀಕರಿಗೆ ತಿಳಿಯುವ ಮೊದಲು ತಿದ್ದಿಬಿಡೋಣವೆಂದು ಕುಳಿತಿದ್ದಾಗ ಬಾಗಿಲಲ್ಲಿ ಒಬ್ಬರು ನಿಂತರು. ಬಿಳಿ ಷರಟು, ಕೈಯಲ್ಲಿ ಸುರುಳಿ ಸುತ್ತಿದ ಕರಡು ಪ್ರತಿ. "ನಾನು ತಿಮ್ಮರಾಯಿ. ಇದನ್ನ ನೋಡಿದ್ದು ಯಾರು?" ನನ್ನ ಕೆಲಸ ಹೋಯಿತು ಎಂದುಕೊಂಡು ಎದ್ದು ನಿಂತೆ. ಅವರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

"ಇದನ್ನ ಇಂಗೇ ಬಿಟ್ಬುಡಿ ಸ್ವಾಮಿ."

"ಸತ್ತವರ ಹೆಸರಲ್ಲಿ ಮತ ಹೇಗೆ ಬಿಡೋದು ಸಾರ್?"

"ಮತ ಆಕಿದ್ದು ಅವ್ರೇ ಅನ್ನಿ. ನಿರ್ಣಯ ನಮ್ಮ ಪಕ್ಷದ್ದು. ನಾನು ಪರ ನಿಂತ್ಕೊಬೇಕಾದೋನು. ನಾಯಕ್ರು ಮುಂದಿನ ಸಾಲಲ್ಲಿ ಕೂತಿರ್ತಾರೆ, ಇಂದಕ್ಕೆ ತಿರುಗಿ ನೋಡಲ್ಲ. ಪುಸ್ತಕದಾಗೆ ಬಂದ್ರೆ ಮಾತ್ರ ನನ್ನ ಕತೆ ಮುಗೀತು."

"ಮತ್ತೆ ಯಾಕೆ ವಿರೋಧ ನಿಂತ್ರಿ?"

ಅವರು ಕುಳಿತರು. ಮೆಹರುನ್ನೀಸಾ ಕೊಟ್ಟ ನೀರನ್ನು ಕುಡಿಯದೆ ಹಿಡಿದುಕೊಂಡೇ ಹೇಳಿದರು. "ಪಕ್ಕದೋರ್ನ ಕೇಳ್ದೆ, ಅಣ್ಣಾ ಈ ದೇಶ ಎಲ್ಲೈತೆ ಅಂತ. ಸುಮ್ನೆ ಕೂತ್ಕೊಳಯ್ಯ ಅಂದ್ರು. ಕೂತ್ಕೊಂಡೆ. ಪರ ಇರೋರು ಏಳಿ ಅಂದಾಗ ಮೊಣಕಾಲು ಮ್ಯಾಕೇಳ್ಲೇ ಇಲ್ಲ, ಯಾರೋ ತೊಡೆ ಮ್ಯಾಲೆ ಕೈ ಇಟ್ಟು ಅದುಮಿದಂಗೆ. ವಿರೋಧ ಇರೋರು ಅಂದ್ರು ನೋಡಿ, ಕಾಲು ಎದ್ವು. ನಾನು ಏಳ್ಲಿಲ್ಲ ಸ್ವಾಮಿ, ಕಾಲು ಎದ್ವು." ಲೋಟ ತಿರುಗಿಸುತ್ತ, "ಆ ಕುರ್ಚಿ ಬದಲಾಯ್ಸಿ ಕೊಡಿ ಅಂತ ಅರ್ಜಿ ಕೊಟ್ಟಿವ್ನಿ. ಕಾರಣ ಏನು ಅಂತ ಕೇಳವ್ರೆ. ಏನು ಬರೀಲಿ?" ಎಂದರು.

ಖಾದರ್ ಸಾಬರು ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದರು.

ಇದ್ದ ದಾರಿ ಎರಡು. ಹಾಗೇ ಬಿಟ್ಟರೆ ತಿಮ್ಮರಾಯಿಯವರು ಉಳಿಯುತ್ತಾರೆ, ಯಾರಾದರೂ ಕಂಡುಹಿಡಿದರೆ ನಾನು ಬೀದಿಗೆ. ತಿದ್ದಿದರೆ ನಾನು ಉಳಿಯುತ್ತೇನೆ, ಅವರು ಬೀದಿಗೆ. ಹೆಸರನ್ನೇ ತೆಗೆದುಬಿಡಿ ಎಂದೂ ಅವರು ಕೇಳಿದರು. ಹಾಗೆ ಮಾಡಿದರೆ ಮೇಲೆ ಒಟ್ಟು ಹನ್ನೊಂದು, ಕೆಳಗೆ ಹೆಸರು ಹತ್ತು. ಆ ಲೆಕ್ಕ ನನ್ನನ್ನು ಬದುಕಿರುವಷ್ಟು ದಿನ ತಿನ್ನುತ್ತದೆ. ದ್ವೀಪದ ಜನ, ಅವರ ಅಕ್ಕಿ, ಬಿರುಗಾಳಿ, ಯಾವುದೂ ನನ್ನ ತಲೆಗೆ ಬರಲಿಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಆ ದೇಶದ ಹೆಸರನ್ನು ಅರವತ್ತು ಪುಟದುದ್ದಕ್ಕೂ ಎಡವದೆ ತಿದ್ದಿದ್ದ ನನಗೂ ಅದು ಎಲ್ಲಿದೆಯೆಂದು ಗೊತ್ತಿರಲಿಲ್ಲ.

"ಕಾಪಿಯಲ್ಲಿ ಇದ್ದ ಹಾಗೇ ಬರಬೇಕು ಸಾರ್" ಎಂದೆ. ನ್ಯಾಯವಂತನ ಮಾತಿನಂತೆ ಕೇಳಿಸಿತು. ಒಳಗೆ ಇದ್ದದ್ದು ಬರೀ ಹೆದರಿಕೆ. ತಿಮ್ಮರಾಯಿಯವರು ಬೈಯಲಿಲ್ಲ. ನೀರಿನ ಲೋಟವನ್ನು ಮೇಜಿನ ಮೇಲಿಟ್ಟು, "ಅವ್ರಾಗಿದ್ರೆ, ಆ ದೇಶ ಎಲ್ಲೈತೆ ಅಂತ ನಿಮ್ಮನ್ನೂ ಕೇಳ್ತಿದ್ರು" ಎಂದು ಎದ್ದುಹೋದರು. ಖಾದರ್ ಸಾಬರು ನಮ್ಮೆದುರಿಗೇ ದಾರ ಬಿಚ್ಚಿ ಪಿಳ್ಳಮಾರಪ್ಪನವರ ಒಂದೊಂದು ಮೊಳೆಯನ್ನೂ ಕೇಸಿನ ಅದರದರ ಮನೆಗೆ ಹಾಕಿದರು. ಪುಸ್ತಕ ಸರಿಯಾಗಿಯೇ ಅಚ್ಚಾಯಿತು. ನನ್ನ ಕೆಲಸ ಉಳಿಯಿತು.

ಮುಂದಿನ ಚುನಾವಣೆಯಲ್ಲಿ ತಿಮ್ಮರಾಯಿಯವರಿಗೆ ಪಕ್ಷ ಟಿಕೆಟ್ ಕೊಡಲಿಲ್ಲ. ಕಾರಣ ನೂರಿರಬಹುದು. ನಡವಳಿಯ ಪುಸ್ತಕವನ್ನು ಯಾವ ನಾಯಕರೂ ತೆರೆದು ನೋಡುವುದಿಲ್ಲ ಎಂದು ಮೆಹರುನ್ನೀಸಾ ನನಗೆ ಎಷ್ಟೋ ಸಲ ಸಮಾಧಾನ ಹೇಳಿದ್ದಾರೆ. ಚಿಂತೆಯವನಿಗೆ ಒಂದು ಕಾರಣ ಸಾಕು.

ಅದಾಗಿ ಒಂದು ವರ್ಷಕ್ಕೆ ನಮ್ಮ ನೌಕರರ ಸಂಘದ ಸಭೆ ನಡೆಯಿತು. ಬೋನಸ್ಸಿನ ವಿಷಯ ಮುಗಿದ ಮೇಲೆ ಕಾರ್ಯದರ್ಶಿ ಇನ್ನೊಂದು ಹಾಳೆ ತೆಗೆದು, ಯಾವುದೋ ಖಂಡದ ಯಾವುದೋ ದೇಶದ ಗಣಿ ಕಾರ್ಮಿಕರಿಗೆ ಬೆಂಬಲ ಸೂಚಿಸುವ ನಿರ್ಣಯ ಓದಿದರು. ಪರ ಇರುವವರು ಕೈ ಎತ್ತಿ ಎಂದರು. ಅವರು ಮಾತು ಮುಗಿಸುವಷ್ಟರಲ್ಲಿ ನನ್ನ ಕೈ ಮೇಲಿತ್ತು.

ಪಕ್ಕದಲ್ಲಿದ್ದ ಖಾದರ್ ಸಾಬರು ಮೆಲ್ಲಗೆ ಕೇಳಿದರು. "ಸಾರ್, ಅದು ಎಲ್ಲಿದೆ?"

"ಸುಮ್ನೆ ಕೈ ಎತ್ತಿ ಸಾಬ್ರೇ" ಎಂದೆ.

"ವಿರೋಧ ಇರೋರು ಎದ್ದು ನಿಲ್ಲಿ" ಎಂದರು ಕಾರ್ಯದರ್ಶಿ, ಸುಮ್ಮನೆ ಪದ್ಧತಿಗೆಂದು. ನಾನು ಎತ್ತಿದ್ದ ಕೈಯನ್ನು ಇಳಿಸಿ, ಇನ್ನೊಂದನ್ನೂ ಜೊತೆ ಮಾಡಿ, ಎರಡು ಮೊಣಕಾಲನ್ನೂ ಬಲವಾಗಿ ಅದುಮಿ ಹಿಡಿದುಕೊಂಡು ಕುಳಿತೆ. ಸರ್ವಾನುಮತ ಎಂದು ಅವರು ಬರೆದುಕೊಳ್ಳುವವರೆಗೂ ಬಿಡಲಿಲ್ಲ.